ಮೊದಲ ತುತ್ತು ಅವ್ವನದು

ಆ ಸಿನಿಮಾದಲ್ಲಿ ಪ್ರಕೃತಿ ಮನುಷ್ಯರ ಮೇಲೆ ತಿರುಗಿ ಬೀಳುತ್ತದೆ. ನಾನು, ನನ್ನ ಮಗಳು, ನನ್ನ ಅವ್ವ, ಮೂವರೂ ಶನಿವಾರ ಹನ್ನೊಂದೂವರೆಯ ಆಟಕ್ಕೆ ಹೋಗಿದ್ದೆವು. ನಾನು ಎರಡು ಸಲ ಕಣ್ಣು ಮುಚ್ಚಿಕೊಂಡೆ. ಮಗಳು ನನ್ನ ತೋಳಿಗೆ ಉಗುರು ನೆಟ್ಟು ಕೂತಿದ್ದಳು. ಅವ್ವ ಮಾತ್ರ ಪಾಪ್‌ಕಾರ್ನಿನ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಅರಳನ್ನು ಬಾಯಿಗೆ ಹಾಕಿಕೊಳ್ಳುತ್ತಾ ಆರಾಮಾಗಿದ್ದಳು. ಅವಳ ಹೊಟ್ಟೆಯಲ್ಲಿ ಆಗಲೇ ಮೂರು ಗಂಟೆಯಿಂದ ವಿಷ ಇತ್ತು. ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾವು ತೆರೆಯ ಮೇಲಿದ್ದದ್ದಕ್ಕೆ ಹೆದರುತ್ತಿದ್ದೆವು.

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಇನ್ನೂ ತೀರ್ಮಾನವಾಗಿಲ್ಲ. ಹುಟ್ಟಿನಿಂದಲೂ ನಾನು ಸಿಡುಕಿಯೇ. ಅವ್ವನೇ ಹಾಗೆ ಹೇಳುತ್ತಿದ್ದಳು, ಮೆಣಸಿನಕಾಯಿ ಒಣಗಿಸಿದ ಚಾಪೆಯ ಮೇಲೆ ನನ್ನನ್ನು ಹೆತ್ತಳಂತೆ.

ಅವ್ವ ಸೆಪ್ಟೆಂಬರಿನಲ್ಲಿ ಬಂದಳು. ಕ್ಯಾಲಿಫೋರ್ನಿಯಾದ ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆರು ತಿಂಗಳು ಇದ್ದು ಹೋಗುವುದು ಎಂದು ಮಾತಾಗಿತ್ತು. ಚನ್ನರಾಯಪಟ್ಟಣದ ಕಡೆಯವಳು, ಎಪ್ಪತ್ತು ದಾಟಿದ್ದರೂ ಕೂತಲ್ಲಿ ಕೂರುವ ಜನ್ಮವಲ್ಲ. ಬಂದ ಎರಡನೇ ದಿನವೇ ಒಗ್ಗರಣೆಗೆ ಮೆಣಸಿನಕಾಯಿ ಹಾಕಿ ಹೊಗೆಯ ಅಲಾರಂ ಹೊಡೆಸಿದಳು. ಬಾಲ್ಕನಿಯಲ್ಲಿ ರಾಗಿ ಹರವಿ ಕಟ್ಟಡದ ಮ್ಯಾನೇಜರಿಂದ ನಮಗೆ ಎಚ್ಚರಿಕೆಯ ಚೀಟಿ ಬರುವಂತೆ ಮಾಡಿದಳು. ನಾನು ದಿನಕ್ಕೆ ಹತ್ತು ಸಲ ಬೇಡ ಕಣವ್ವ, ಇಲ್ಲಿ ಹಂಗೆಲ್ಲ ಮಾಡಂಗಿಲ್ಲ ಅನ್ನುತ್ತಿದ್ದೆ. ಅವಳು ದಿನಕ್ಕೆ ಹತ್ತು ಸಲ ಆಯ್ತು ಬುಡಮ್ಮಿ ಅನ್ನುತ್ತಿದ್ದಳು. ಆಮೇಲೆ ತನಗೆ ತೋಚಿದ್ದನ್ನೇ ಮಾಡುತ್ತಿದ್ದಳು.

ನನ್ನ ಮಗಳಿಗೂ ಅವಳಿಗೂ ಊಟದ ವಿಷಯದಲ್ಲಿ ಮಾತ್ರ ಹೊಂದಿಕೆಯಿರಲಿಲ್ಲ. ಹುಡುಗಿಗೆ ಆಗ ಹದಿಮೂರು ತುಂಬಿತ್ತು. ಕನ್ನಡ ಎಲ್ಲಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿ ಬಡಿಸಿದ್ದನ್ನು ಬೇಡ ಎನ್ನುವ ಧೈರ್ಯ ಇರಲಿಲ್ಲ. ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ತುತ್ತು ಬಾಯಿಗಿಟ್ಟುಕೊಳ್ಳುವುದು, ಎರಡು ಸಲ ಅಗಿದಂತೆ ಮಾಡುವುದು, ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ಟಿಶ್ಯೂ ಕಾಗದಕ್ಕೆ ಉಗಿದು ಜೇಬಿಗೆ ಸೇರಿಸುವುದು. ಬಟ್ಟೆ ಒಗೆಯುವಾಗ ಅವಳ ಜೇಬುಗಳಿಂದ ಒಣಗಿದ ಉಂಡೆಗಳನ್ನು ತೆಗೆಯುವುದು ನನ್ನ ಕೆಲಸ. ಒಂದು ಸಲ ಹುರುಳಿಕಾಳಿನ ಬಸ್ಸಾರಿನ ಪಲ್ಯ ಡ್ರೈಯರಿನಲ್ಲಿ ಸುತ್ತಿ ಸುತ್ತಿ ಎಲ್ಲ ಬಟ್ಟೆಗೂ ಅಂಟಿತ್ತು. ಅವತ್ತು ನಾನು ಅವಳಿಗೆ ಬಾಯಿಗೆ ಬಂದದ್ದು ಬೈದಿದ್ದೆ. ಅನ್ನಕ್ಕೆ ಮರ್ಯಾದೆ ಕೊಡದವಳು ಎಂದಿದ್ದೆ, ಇನ್ನೂ ಏನೇನೋ.

ನವೆಂಬರಿನ ಕೊನೆಗೆ ಆ ವರ್ಷದ ಮೊದಲ ದೊಡ್ಡ ಮಳೆ ಬಂತು. ಮೂರು ದಿನ ಬಿಡದೆ ಹೊಯ್ದು ಶನಿವಾರಕ್ಕೆ ಬಿಸಿಲಾಯಿತು. ನನ್ನ ಗಂಡ ಆ ವಾರ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಬೆಳಿಗ್ಗೆ ಏಳಕ್ಕೆ ಅವ್ವ ಎಂದಿನಂತೆ ಸೀರೆಯ ಮೇಲೆ ಅಳಿಯನ ಜಾಕೆಟು ಹಾಕಿಕೊಂಡು, ಕಾಲಿಗೆ ಬೂಟು ಏರಿಸಿ, ಹಿಂದಿನ ಪಾರ್ಕಿಗೆ ವಾಕಿಂಗಿಗೆ ಹೋದಳು. ಅರ್ಧ ಗಂಟೆಗೆ ವಾಪಸು ಬಂದಳು. ಸೆರಗನ್ನು ಮಡಿಲು ಮಾಡಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನೋಡಮ್ಮಿ ಏನ್ ಸಿಕ್ತು ಅಂತ. ಅಣಬೆ ಎದ್ದವೆ."

ಹತ್ತು ಹನ್ನೆರಡು ಇದ್ದವು. ಇಷ್ಟಿಷ್ಟು ದಪ್ಪ, ಮೇಲೆ ಹಸಿರು ಮಿಶ್ರಿತ ಹಳದಿ, ಕೆಳಗೆ ಬಿಳುಪು. ಒಂದೆರಡು ಇನ್ನೂ ಅರಳದೆ ಮೊಟ್ಟೆಯಂತಿದ್ದವು. ಪಾರ್ಕಿನ ಆಚೆ ತುದಿಯ ಓಕ್ ಮರದ ಬುಡದಲ್ಲಿ ಸಾಲಾಗಿ ಎದ್ದಿದ್ದವಂತೆ.

"ಅವ್ವ, ಪಾರ್ಕಲ್ಲಿ ಕೀಳಂಗಿಲ್ಲ ಕಣೆ. ಯಾರಾದ್ರೂ ನೋಡಿದ್ರೆ ದಂಡ ಹಾಕ್ತಾರೆ."

ಆ ಕ್ಷಣದಲ್ಲಿ ನನ್ನ ಚಿಂತೆ ಅದೊಂದೇ ಆಗಿತ್ತು.

"ಯಾರೂ ನೋಡಿಲ್ಲ ಬುಡು. ನೋಡಿಲ್ಲಿ, ಬಣವೆ ಪಕ್ಕ ಏಳ್ತಿದ್ವಲ್ಲ, ಅದೇ ಇದು. ಬುಡದಲ್ಲಿ ಮೊಟ್ಟೆ ಚಿಪ್ಪಿನಂಗೆ ಐತೆ ನೋಡು. ಇದಿದ್ರೆ ಉಣ್ಣೋ ಅಣಬೆ ಅಂತಲೇ ಲೆಕ್ಕ."

ನಾನೂ ನೋಡಿದೆ. ಬುಡದಲ್ಲಿ ಹರಿದ ಚಿಪ್ಪಿನಂಥ ಬಟ್ಟಲು ಇತ್ತು. ನಮ್ಮೂರಿನ ಹುಲ್ಲಣಬೆಗೂ ಹಾಗೇ ಇರುತ್ತಿತ್ತು. ನನ್ನ ಎಂಟನೇ ವಯಸ್ಸಿನಲ್ಲಿ ನಾನೇ ಬಣವೆಯ ಬುಡದಿಂದ ಕಿತ್ತು ತರುತ್ತಿದ್ದೆ. ಫೋನು ಕೈಯಲ್ಲೇ ಇತ್ತು. ಒಂದು ಫೋಟೊ ಹೊಡೆದು ಹುಡುಕಿದ್ದರೆ ಎರಡು ನಿಮಿಷದ ಕೆಲಸ. ಹುಡುಕಲಿಲ್ಲ. ಮೂರು ತಿಂಗಳಿಂದ ಅವ್ವನ ಪ್ರತಿಯೊಂದಕ್ಕೂ ಬೇಡ ಬೇಡ ಎಂದು ನನಗೇ ಬೇಜಾರಾಗಿತ್ತು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಇಲ್ಲಿಗೆ ಬಂದ ಮೇಲೆ ಕಂಡಿರಲಿಲ್ಲ. ಇವತ್ತೊಂದು ದಿನ ಬೇಡ ಅನ್ನಬಾರದು ಎಂದುಕೊಂಡೆ. ಜೊತೆಗೆ, ನಿಜ ಹೇಳಬೇಕೆಂದರೆ, ನನಗೆ ಬಾಯಲ್ಲಿ ನೀರೂರಿತ್ತು. ಊರಿನ ಅಣಬೆ ಸಾರು ಉಂಡು ಇಪ್ಪತ್ತು ವರ್ಷವಾಗಿತ್ತು.

ಅವ್ವ ಪರೀಕ್ಷೆ ಮಾಡದೆ ಇರಲಿಲ್ಲ. ಅಷ್ಟು ಅಜಾಗರೂಕಳಲ್ಲ. ಬೆಳ್ಳುಳ್ಳಿಗೇ ಹೆಸರಾದ ಗಿಲ್‌ರಾಯಿ ಊರಿನಿಂದ ತಂದಿದ್ದ ಬೆಳ್ಳುಳ್ಳಿಯ ಗೊಂಚಲಿನಿಂದ ನಾಲ್ಕು ಎಸಳು ಬಿಡಿಸಿ ಅಣಬೆಯ ಜೊತೆ ಕುದಿಯಲು ಹಾಕಿದಳು. ಬೆಳ್ಳುಳ್ಳಿ ಕಪ್ಪಾದರೆ ಚೆಲ್ಲುವುದು, ಬೆಳ್ಳಗೇ ಇದ್ದರೆ ಉಣ್ಣುವುದು. ಬೆಳ್ಳಗೇ ಇತ್ತು. ಚಮಚದಲ್ಲಿ ಎತ್ತಿ ನನಗೂ ತೋರಿಸಿದಳು.

ಎರಡನೆಯ ಪರೀಕ್ಷೆ ಅವಳದೇ. ನಮ್ಮ ಕಡೆ ಅಣಬೆ ಮಾಡಿದ ದಿನ ಮನೆಯ ಹಿರಿಯ ಹೆಂಗಸು ಮೊದಲು ಒಬ್ಬಳೇ ಉಣ್ಣಬೇಕು. ಉಳಿದವರು ದೀಪ ಹಚ್ಚುವ ಹೊತ್ತಿನ ತನಕ ಕಾಯಬೇಕು. ಅವಳಿಗೆ ಏನೂ ಆಗದಿದ್ದರೆ ಮನೆಮಂದಿಯೆಲ್ಲ ಉಣ್ಣಬಹುದು. ನಾನು ಚಿಕ್ಕವಳಿದ್ದಾಗ ನಮ್ಮಜ್ಜಿ ಉಣ್ಣುತ್ತಿದ್ದಳು, ಅಜ್ಜಿ ಹೋದ ಮೇಲೆ ಅವ್ವ. ನಾವು ಮಕ್ಕಳು ಅಡಿಗೆಮನೆಯ ಹೊಸಿಲ ಮೇಲೆ ಕೂತು ಅವಳು ಚಪ್ಪರಿಸುವುದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆವು. ಆಮೇಲೆ ಸಂಜೆಯವರೆಗೆ ಗಂಟೆಗೊಂದು ಸಲ ಓಡಿಬಂದು ಅವ್ವ ಏನಾದ್ರೂ ಆಯ್ತಾ ಎಂದು ಕೇಳುತ್ತಿದ್ದೆವು. ಅವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ, ಇನ್ನೂ ಸತ್ತಿಲ್ಲ ಹೋಗ್ರಪ್ಪ ಎಂದು ನಗುತ್ತಿದ್ದಳು. ಯಾರಿಗೂ ಯಾವತ್ತೂ ಏನೂ ಆಗಿರಲಿಲ್ಲ. ಒಮ್ಮೆ ಪಕ್ಕದ ಮನೆಯಲ್ಲಿ ಒಬ್ಬಾಕೆಗೆ ಉಂಡ ಒಂದು ಗಂಟೆಯೊಳಗೇ ವಾಂತಿ ಶುರುವಾಗಿ, ಮಡಕೆ ಸಮೇತ ತಿಪ್ಪೆಗೆ ಎಸೆದಿದ್ದರು. ಆಕೆ ಮಾರನೇ ದಿನ ಎದ್ದು ಓಡಾಡಿದಳು. ಹಾಗಾಗಿ ಆ ಪರೀಕ್ಷೆಯಲ್ಲಿ ನಮಗೆ ಪೂರ್ತಿ ನಂಬಿಕೆ.

ಎಂಟೂವರೆಗೆ ಅವ್ವ ಒಂದು ಬಟ್ಟಲು ಸಾರು, ಒಂದು ಮುದ್ದೆ ಇಟ್ಟುಕೊಂಡು ಡೈನಿಂಗ್ ಟೇಬಲಿನ ಪಕ್ಕ ನೆಲದ ಮೇಲೆ ಕೂತು ಉಂಡಳು. ಕೈ ನೆಕ್ಕಿಕೊಂಡಳು.

"ಊರಿಂದಕ್ಕಿಂತ ರುಚಿಯಾಗವೆ ಕಣಮ್ಮಿ," ಅಂದಳು.

ಅದು ನಿಜವೂ ಇರಬಹುದು. ತಿಂದು ಬದುಕಿದವರೆಲ್ಲ ರುಚಿಯಾಗಿತ್ತು ಎಂದೇ ಹೇಳುತ್ತಾರೆಂದು ಆಮೇಲೆ ಡಾಕ್ಟರು ತಿಳಿಸಿದರು.

ಸಿನಿಮಾ ಮಗಳ ಆಯ್ಕೆ. ಹದಿಮೂರಾದ ಮೇಲೆ ನೋಡಬಹುದಾದ ಸಿನಿಮಾವಂತೆ, ಕ್ಲಾಸಿನಲ್ಲಿ ಎಲ್ಲರೂ ನೋಡಿಯಾಗಿತ್ತಂತೆ. ಅಜ್ಜಿಯನ್ನು ಒಬ್ಬಳನ್ನೇ ಬಿಟ್ಟು ಹೋಗುವುದು ಹೇಗೆ ಎಂದು ಕರೆದುಕೊಂಡು ಹೋದೆವು.

ಕಥೆ ಇಷ್ಟೇ. ಸಮುದ್ರದ ಪಕ್ಕ ಒಂದು ಊರು. ಒಂದು ಬೆಳಿಗ್ಗೆ ಹಕ್ಕಿಗಳ ಸದ್ದು ನಿಂತುಹೋಗುತ್ತದೆ. ಜನ ಕಿಟಕಿ ತೆರೆದು ನೋಡಿದರೆ ಪ್ರತಿ ಮನೆಯ ಮುಂದೆಯೂ ಹುಲ್ಲಿನ ಮೇಲೆ ಜಿಂಕೆಗಳು ನಿಂತಿವೆ. ಎಲ್ಲದರ ಮುಖವೂ ಬಾಗಿಲ ಕಡೆ. ಅವು ಮೇಯುವುದಿಲ್ಲ, ಕದಲುವುದಿಲ್ಲ, ಸುಮ್ಮನೆ ನಿಂತಿರುತ್ತವೆ. ಮಾರನೇ ದಿನ ಅಳಿಲುಗಳೂ ನರಿಗಳೂ ಬಂದು ಪಕ್ಕದಲ್ಲಿ ನಿಲ್ಲುತ್ತವೆ. ಆಮೇಲೆ ನಲ್ಲಿಯಲ್ಲಿ ನೀರಿನ ಬದಲು ಬೇರು ಬರುತ್ತದೆ, ಹಾಸಿಗೆಯ ಕೆಳಗೆ ಹುಲ್ಲು ಹುಟ್ಟುತ್ತದೆ. ಯಾವುದೂ ಯಾರನ್ನೂ ಕಚ್ಚುವುದಿಲ್ಲ. ಜನರೇ ಹೆದರಿ ಓಡಿ, ಒಬ್ಬರನ್ನೊಬ್ಬರು ತುಳಿದು, ಕಾರು ಗುದ್ದಿಸಿಕೊಂಡು ಸಾಯುತ್ತಾರೆ. ಜಿಂಕೆಗಳು ನೋಡುತ್ತಿರುತ್ತವೆ. ಅವು ಹಾಗೆ ನಿಂತಿರುವುದೇ ನನಗೆ ಮೈ ಜುಮ್ಮೆನಿಸಿತು. ಎಗರಿ ಬಿದ್ದಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲವೇನೋ.

ಇಡೀ ಥಿಯೇಟರು ಉಸಿರು ಬಿಗಿಹಿಡಿದಿದ್ದಾಗ ಅವ್ವ ಹೊಲದಲ್ಲಿ ಆಚೆ ಬದುವಿನವರಿಗೆ ಕೇಳುವಂತೆ ಮಾತಾಡಿದಳು.

"ಕದ ತಗ್ದು ಒಂದ್ ಹಿಡಿ ಹುಲ್ ಹಾಕಬಾರ್ದಾ ಇವ್ರು?"

ಮುಂದಿನ ಎರಡು ಸಾಲಿನವರು ತಿರುಗಿ ನೋಡಿದರು. ಮಗಳು ಹುಡ್ಡಿಯ ಟೋಪಿಯನ್ನು ಮೂಗಿನ ತನಕ ಎಳೆದುಕೊಂಡಳು. ನಾನು ಅವ್ವನ ತೊಡೆ ಚಿವುಟಿದೆ.

"ಸುಮ್ನಿರವ್ವ."

"ಅವು ಸುಮ್ಕೆ ನಿಂತವೆ ಕಣಮ್ಮಿ. ಏನ್ ಮಾಡವೆ ಪಾಪ. ಇವ್ರೇ ಓಡ್ತಾವ್ರೆ."

ಹೊರಗೆ ಬಂದಾಗ ಎರಡು ಗಂಟೆಯ ಬಿಸಿಲು. ಪಾರ್ಕಿಂಗ್ ಲಾಟಿನ ಮರಗಳ ಮೇಲೆ ಕಾಗೆಗಳು ಕೂತಿದ್ದವು. ಮಗಳು ಅವುಗಳ ಕಡೆ ನೋಡುತ್ತಾ ನನ್ನ ಕೈ ಹಿಡಿದುಕೊಂಡಳು. ವರ್ಷದಿಂದ ಅವಳು ಹೊರಗೆ ನನ್ನ ಕೈ ಹಿಡಿದಿರಲಿಲ್ಲ. ನನಗೂ ಒಳಗೊಳಗೇ ಅಳುಕು. ಅವ್ವ ಇಬ್ಬರನ್ನೂ ನೋಡಿ ನಕ್ಕಳು.

"ಮಣ್ಣಿಗೆ ಹಗೆ ಅನ್ನೋದಿಲ್ಲ ಕೂಸೇ. ಹೆದರ್ಕಬ್ಯಾಡ," ಎಂದು ಮಗಳ ತಲೆ ಸವರಿದಳು.

ಮನೆಗೆ ಬಂದು ಒಂದು ನಿದ್ದೆ ಮಾಡಿ ಎದ್ದಳು. ಆರು ಗಂಟೆಗೆ ಕೈಕಾಲು ತೊಳೆದು ದೇವರ ಮುಂದೆ ದೀಪ ಹಚ್ಚಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನನ್ನ ಮುಂದೆ ನಿಂತಳು.

"ನೋಡು, ಗುಂಡ್ಕಲ್ಲಂಗಿವ್ನಿ. ಬನ್ನಿ ಉಣ್ಣಕ್ಕೆ."

ಸಾರು ಬಿಸಿ ಮಾಡಿದಳು. ನಾನು ಮೂರು ತಟ್ಟೆ ಇಟ್ಟೆ. ನಾನು ಮೊದಲ ತುತ್ತು ಬಾಯಿಗಿಟ್ಟೆ. ಅದೇ ರುಚಿ, ಹುರಿದ ಕಾಯಿ, ಕೊತ್ತಂಬರಿ, ಮಳೆ ಹುಯ್ದ ನೆಲದ ವಾಸನೆ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಎಂಗದೆ ಎಂದು ಕೇಳಬೇಕಾದ ಅಗತ್ಯವೇ ಇರಲಿಲ್ಲ.

ಮಗಳು ತಟ್ಟೆ ಮುಟ್ಟದೆ ಕೂತಿದ್ದಳು.

"ಅಮ್ಮಾ, ನನಗೆ ಬೇಡ. ಐ ಆಮ್ ನಾಟ್ ಹಂಗ್ರಿ."

"ಒಂದು ತುತ್ತು ತಿನ್ನು."

"ಪ್ಲೀಸ್ ಅಮ್ಮಾ. ಇಟ್ ಗ್ರೂ ಇನ್ ದ ಪಾರ್ಕ್."

"ನಾವೆಲ್ಲ ತಿಂದು ಬೆಳೆದಿದ್ದು ಇದನ್ನೇ. ಅಜ್ಜಿ ಬೆಳಿಗ್ಗೆಯಿಂದ ನಿನಗೋಸ್ಕರ ಕಾದು ಕೂತಿದಾರೆ. ಒಂದು ತುತ್ತು ತಿನ್ನದೆ ಇಲ್ಲಿಂದ ಏಳಂಗಿಲ್ಲ ನೀನು."

ಹೋಗ್ಲಿ ಬುಡಮ್ಮಿ ಎಂದು ಅವ್ವ ಅಂದಳು. ನಾನು ಬಿಡಲಿಲ್ಲ. ನನ್ನ ಬುದ್ಧಿಯೇ ಅಷ್ಟು, ಹಿಡಿದರೆ ಬಿಡುವುದಿಲ್ಲ. ಚಮಚದಲ್ಲಿ ಎರಡು ಹೋಳು ಎತ್ತಿ ನಾನೇ ಅವಳ ಬಾಯಿಗೆ ಹಿಡಿದೆ. ಅವಳು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಳು. ನನ್ನ ಕೈಯಿಂದ ನಾನೇ ತಿನ್ನಿಸಿದೆ. ಇದನ್ನು ಬರೆಯದೆ ಬೇರೆ ಏನು ಬರೆದರೂ ಸುಳ್ಳಾಗುತ್ತದೆ.

ಅವಳು ಬಾಯಿ ಮುಚ್ಚಿದ್ದೇ ತಡ, ಅವ್ವ ಹೊಟ್ಟೆ ಹಿಡಿದುಕೊಂಡು ಎದ್ದಳು. ಬಾತ್‌ರೂಮಿನ ತನಕ ಹೋಗಲಾಗಲಿಲ್ಲ. ನಡುಮನೆಯ ಮಧ್ಯದಲ್ಲೇ ಕಾರಿಕೊಂಡಳು.

ನಾನು ನಂಬಲಿಲ್ಲ. ಸಿನಿಮಾದಲ್ಲಿ ತಿಂದ ಪಾಪ್‌ಕಾರ್ನ್ ಅವ್ವ, ಆ ಬೆಣ್ಣೆ ನಿನಗೆ ಆಗಲ್ಲ ಎನ್ನುತ್ತಾ ಬೆನ್ನು ಉಜ್ಜಿದೆ. ಅವಳು ಉಂಡು ಹತ್ತು ಗಂಟೆ ಕಳೆದಿತ್ತಲ್ಲ! ಅಣಬೆಯಾಗಿದ್ದರೆ ಬೆಳಿಗ್ಗೆಯೇ ಗೊತ್ತಾಗಬೇಕಿತ್ತು. ಹಿಂದಿನಿಂದ ಮಗಳು ಸಣ್ಣ ಧ್ವನಿಯಲ್ಲಿ ಹೇಳಿದಳು.

"ಅಮ್ಮಾ, ಪಾಪ್‌ಕಾರ್ನ್ ನಾನೂ ತಿಂದೆ."

ನಾನು ಫೋನು ಎತ್ತಿಕೊಂಡೆ.

ವಿಷಕ್ಕೆಂದೇ ಇರುವ ಸಹಾಯವಾಣಿಯ ನಂಬರನ್ನು ಮಗಳೇ ಹುಡುಕಿ ಕೊಟ್ಟಳು. ಆ ಕಡೆಯ ಹೆಂಗಸು ಸಮಾಧಾನವಾಗಿ ಒಂದೊಂದೇ ಕೇಳಿದಳು. ಎಲ್ಲಿ ಬೆಳೆದಿತ್ತು, ಯಾವ ಮರದ ಕೆಳಗೆ, ಬುಡದಲ್ಲಿ ಬಟ್ಟಲಿನಂತೆ ಇತ್ತಾ. ತಿಂದದ್ದಕ್ಕೂ ವಾಂತಿಗೂ ನಡುವೆ ಎಷ್ಟು ಹೊತ್ತು ಎಂದು ಕೇಳಿದಾಗ, ಹತ್ತು ಗಂಟೆ, ಅದಕ್ಕೇ ಅಣಬೆಯಿರಲಾರದು ಅನಿಸುತ್ತೆ ಎಂದೆ. ನೀವು ಒಂದೆರಡು ಗಂಟೆ ಎಂದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ, ಬೇಗ ವಾಂತಿ ಮಾಡಿಸುವ ಅಣಬೆಗಳು ಸಾಮಾನ್ಯವಾಗಿ ಕೊಲ್ಲುವುದಿಲ್ಲ, ಕೊಲ್ಲುವ ಜಾತಿ ಕಾದು ಕೂರುತ್ತದೆ, ಅಂದಳು. ಉಳಿದ ಅಣಬೆಯನ್ನು ಒಂದು ಚೀಲದಲ್ಲಿ ಹಾಕಿಕೊಂಡು ತಿಂದವರೆಲ್ಲ ಈಗಲೇ ಎಮರ್ಜೆನ್ಸಿಗೆ ಹೊರಡಿ ಎಂದಳು.

ನಮ್ಮ ಪರೀಕ್ಷೆ ತಲೆಕೆಳಗಾಗಿತ್ತು. ದೀಪ ಹಚ್ಚುವ ತನಕ ಏನೂ ಆಗದಿದ್ದರೆ ಕ್ಷೇಮ ಎಂದು ನಮ್ಮಜ್ಜಿಯ ಅಜ್ಜಿಯರು ನಂಬಿಕೊಂಡು ಬಂದದ್ದು ಆ ಮಣ್ಣಿನ ಅಣಬೆಗಳಿಗೆ. ಈ ಮಣ್ಣಿನದಕ್ಕೆ ನಮ್ಮ ದೀಪದ ಹೊತ್ತು ಗೊತ್ತಿರಲಿಲ್ಲ.

ಕಾರಿನಲ್ಲಿ ಅವ್ವ ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಬಕೆಟ್ಟು ಹಿಡಿದು ಕೂತಿದ್ದಳು. ಪಕ್ಕದಲ್ಲಿ ಮಗಳು ಅವಳ ಕೂದಲು ಹಿಡಿದುಕೊಂಡಿದ್ದಳು. ನಾನು ಕನ್ನಡಿಯಲ್ಲಿ ಮಗಳ ಮುಖವನ್ನೇ ನೋಡುತ್ತಾ ಓಡಿಸಿದೆ. ಎರಡು ಹೋಳು. ಎರಡು ಹೋಳು ಎಷ್ಟಾಗುತ್ತದೆ, ಆ ಮೈಗೆ, ಅಷ್ಟು ಸಣ್ಣ ಮೈಗೆ. ಬೇರೆ ಏನೂ ತಲೆಯಲ್ಲಿರಲಿಲ್ಲ.

ಎಮರ್ಜೆನ್ಸಿಯಲ್ಲಿ ಅವ್ವನನ್ನು ತಕ್ಷಣ ಒಳಗೆ ಕರೆದೊಯ್ದರು. ವಿಷ ಹೀರಿಕೊಳ್ಳಲೆಂದು ನನಗೆ ಒಂದು ದೊಡ್ಡ ಲೋಟದಲ್ಲಿ ಇದ್ದಿಲು ಕಲಸಿದ ಕಪ್ಪು ನೀರು ಕೊಟ್ಟರು. ಕುಡಿದೆ. ನರ್ಸು ಎರಡನೇ ಲೋಟವನ್ನು ಮಗಳ ಮುಂದೆ ಹಿಡಿದಾಗ ಅವಳು ಅಳಲು ಶುರು ಮಾಡಿದಳು. ಕುಡಿಯಲೇಬೇಕು ಎಂದು ನಾನು ಕೂಗಿದೆ. ಅವಳು ತಲೆ ಆಡಿಸುತ್ತಾ ಹುಡ್ಡಿಯ ಜೇಬಿಗೆ ಕೈ ಹಾಕಿದಳು.

"ಅಮ್ಮಾ, ಡೋಂಟ್ ಬಿ ಮ್ಯಾಡ್."

ಅಂಗೈಯಲ್ಲಿ ಟಿಶ್ಯೂ ಕಾಗದದ ಉಂಡೆ ಇತ್ತು. ನರ್ಸು ಕೈಗವಸು ಹಾಕಿಕೊಂಡು ಬಿಡಿಸಿದಳು. ಎರಡು ಹೋಳು, ಅಗಿಯದೆ, ಹಾಗೇ ಇದ್ದವು.

ನಾನು ಆ ಕಾರಿಡಾರಿನಲ್ಲಿ ನೆಲಕ್ಕೆ ಕೂತುಬಿಟ್ಟೆ. ಅವಳನ್ನು ಹಿಡಿದುಕೊಂಡು, ಬಾಯಿಯೆಲ್ಲ ಇದ್ದಿಲು ಮಾಡಿಕೊಂಡು, ಅವಳ ಹಣೆಗೆ, ಕೂದಲಿಗೆ, ಜೇಬಿಗೆ ಕೂಡ ಮುತ್ತಿಟ್ಟೆ. ನನ್ನ ಮಾತು ಕೇಳದೆ ಇದ್ದುದಕ್ಕೆ ಅವಳು ಕ್ಷಮೆ ಕೇಳುತ್ತಲೇ ಇದ್ದಳು. ಒಂದೇ ಒಂದು ದಿನ ಅವಳು ವಿಧೇಯಳಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನನಗೆ ಈಗಲೂ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಆದರೂ ಅವಳ ರಕ್ತ ಪರೀಕ್ಷೆ ಮಾಡಿದರು, ಒಂದು ದಿನ ಇಟ್ಟುಕೊಂಡು ನೋಡಿ ಕಳಿಸಿದರು. ಅಷ್ಟರಲ್ಲಿ ನನ್ನ ಗಂಡ ಸಿಕ್ಕಿದ ವಿಮಾನ ಹಿಡಿದು ಬಂದಿದ್ದರು, ಅವಳನ್ನು ಮನೆಗೆ ಕರೆದುಕೊಂಡು ಹೋದರು.

ನನಗೆ ಭಾನುವಾರ ಬೆಳಿಗ್ಗೆ ಹೊಟ್ಟೆ ಕೆಟ್ಟಿತು. ನಾಲ್ಕು ದಿನ ಡ್ರಿಪ್ಪು ಹಾಕಿಸಿಕೊಂಡು ಬದುಕಿದೆ. ತಿಂದದ್ದು ಕಡಿಮೆ, ಬಂದದ್ದು ಬೇಗ ಅಂದರು. ಡ್ರಿಪ್ಪಿನ ಕಂಬ ತಳ್ಳಿಕೊಂಡು ಎರಡು ಕೋಣೆ ಆಚೆಗಿದ್ದ ಅವ್ವನ ಹತ್ತಿರ ಹೋಗಿ ಕೂರುತ್ತಿದ್ದೆ. ಡಾಕ್ಟರು ನಾವು ತಂದ ಚೀಲದಿಂದ, ಹೆಚ್ಚದೆ ಉಳಿದಿದ್ದ ಒಂದು ಅಣಬೆ ತೆಗೆದು ಕಾಂಡದ ಮೇಲ್ಭಾಗದಲ್ಲಿ ಇಳಿಬಿದ್ದಿದ್ದ ತೆಳು ಲಂಗದಂಥ ಪೊರೆಯನ್ನು ತೋರಿಸಿದರು. ನಿಮ್ಮೂರಿನದಕ್ಕೆ ಇದು ಇತ್ತಾ ಎಂದು ಕೇಳಿದರು. ಇರಲಿಲ್ಲ. ನಾವಿಬ್ಬರೂ ಬುಡ ನೋಡಿದ್ದೆವು, ಕತ್ತು ನೋಡಿರಲಿಲ್ಲ.

ಸೋಮವಾರ ಅವ್ವ ಎದ್ದು ಕೂತಳು. ವಾಂತಿಯಿಲ್ಲ, ನೋವಿಲ್ಲ. ಗಂಜಿ ಸಿಗ್ತದಾ ಇಲ್ಲಿ ಎಂದು ಕೇಳಿದಳು. ನನಗೆ ಹೋದ ಜೀವ ಬಂತು. ಆಮೇಲೆ, ನನ್ನ ಹಾಳು ಸ್ವಭಾವ, ಭಯ ಇಳಿದ ತಕ್ಷಣ ಸಿಟ್ಟು ಏರಿತು.

"ನಿನ್ನ ಪರೀಕ್ಷೆಗೆ ಬೆಂಕಿ ಹಾಕ. ಕೂಸಿನ ಬಾಯಿಗೆ ಇಟ್ಟುಬಿಟ್ಟಿದ್ನಲ್ಲವ್ವ ನಾನು. ಎಲ್ಲಾದರಲ್ಲೂ ನಿನ್ನದೇ ನಡೀಬೇಕು ನಿನಗೆ. ಎಷ್ಟು ಸಲ ಹೇಳಿದ್ದೆ, ಇದು ನಿಮ್ಮೂರಲ್ಲ ಅಂತ."

ಅಷ್ಟೆಲ್ಲ ಅಂದೆ. ಅಣಬೆಯ ವಿಷಯದಲ್ಲಿ ನಾನು ಒಂದು ಸಲವೂ ಬೇಡ ಅಂದಿರಲಿಲ್ಲ, ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಹಾಸಿಗೆಯ ಅಂಚಿಗೆ ಸರಿದು ನನ್ನ ಡ್ರಿಪ್ಪಿನ ಸೂಜಿ ಚುಚ್ಚಿದ ಕೈ ಹಿಡಿದುಕೊಂಡಳು.

"ಕೂಸು ನುಂಗಕ್ಕೆ ಮುಂಚೆ ನಂಗೇ ಬಂತಲ್ಲಮ್ಮಿ. ಅದಕ್ಕೇ ಮೊದ್ಲು ನಾವು ಉಣ್ಣದು."

ಅವಳ ಮುಖದಲ್ಲಿ ಭಯ ಇರಲಿಲ್ಲ. ಕೆಲಸ ಸರಿಯಾಗಿ ಮುಗಿಸಿದವಳ ಮುಖ ಅದು. ಟಿಶ್ಯೂ ಕಾಗದದ ಕಥೆಯನ್ನು ನಾನು ಅವಳಿಗೆ ಹೇಳಲಿಲ್ಲ. ಹೇಳದಿದ್ದುದು ಒಳ್ಳೆಯದಾಯಿತು.

ಆ ಒಳ್ಳೆಯ ದಿನವೂ ಅಣಬೆಯದೇ ಆಟ ಎಂದು ಡಾಕ್ಟರಿಗೆ ಗೊತ್ತಿತ್ತು. ಒಳಗೊಳಗೇ ಲಿವರ್ ಕೆಡುತ್ತಿದೆ ಎಂದು ಅವರು ಹೊರಗೆ ಕರೆದು ಹೇಳಿದರೂ ನನ್ನ ಕಿವಿಗೆ ಹೋಗಲಿಲ್ಲ, ಗಂಜಿ ಕೇಳಿದವಳು ಸಾಯುವುದು ಹೇಗೆ ಎಂದೇ ವಾದ ಮಾಡಿದೆ. ಮಂಗಳವಾರ ಬೆಳಿಗ್ಗೆ ಅವಳ ಕಣ್ಣಿನ ಬಿಳುಪು ಹಳದಿಯಾಗಿತ್ತು. ಬುಧವಾರ ನನ್ನನ್ನು ತನ್ನ ತಂಗಿ ಎಂದುಕೊಂಡು ಮಾತಾಡಿಸಿದಳು. ಲಿವರ್ ಬದಲಾಯಿಸುವ ಮಾತು ಬಂತು, ಅವಳ ವಯಸ್ಸಿಗೆ, ಹೃದಯಕ್ಕೆ ತಡೆಯುವುದಿಲ್ಲ ಎಂದು ಬಿಟ್ಟರು. ಶುಕ್ರವಾರ ಮಧ್ಯಾಹ್ನ ಹೋದಳು. ಕಿಟಕಿಯಾಚೆ ಪಾರ್ಕಿಂಗಿನ ಮರಗಳು, ಬಿಸಿಲು, ಎಲ್ಲ ಹಾಗೇ ನಿಂತಿದ್ದವು. ನನಗೆ ಅಳು ಬರಲಿಲ್ಲ. ಆ ಶನಿವಾರ ಬೆಳಿಗ್ಗೆ ಸೆರಗಿನಲ್ಲಿ ಅಣಬೆಗಳನ್ನು ತಂದಾಗ ಅವಳ ಮುಖ ಹೇಗಿತ್ತು, ಅದೊಂದೇ ಕಣ್ಣ ಮುಂದೆ ಬರುತ್ತಿತ್ತು.

ಪಾರ್ಕಿನ ಆ ಓಕ್ ಮರ ಇನ್ನೂ ಅಲ್ಲೇ ಇದೆ. ಮೊದಮೊದಲು ಅದನ್ನು ಕಂಡರೆ ಕಡಿದುಹಾಕಬೇಕು ಅನ್ನುವಷ್ಟು ರೋಷ ಬರುತ್ತಿತ್ತು. ಒಮ್ಮೆ ಹೋಗಿ ಅದರ ಬುಡವನ್ನು ಬೂಟುಗಾಲಿನಲ್ಲಿ ಒದ್ದಿದ್ದೇನೆ, ನಾಯಿ ಕರೆದುಕೊಂಡು ಹೋಗುತ್ತಿದ್ದವರು ನಿಂತು ನೋಡಿದರು. ಅದು ಏನೂ ಮಾಡಿರಲಿಲ್ಲ. ಸುಮ್ಮನೆ ನಿಂತಿತ್ತು.

ವರ್ಷ ತುಂಬಿ ಮತ್ತೆ ಮಳೆ ಬಂತು. ಆ ಸಿನಿಮಾ ಮನೆಯ ಟೀವಿಗೂ ಬಂದಿತ್ತು. ಒಂದು ಭಾನುವಾರ ಮಧ್ಯಾಹ್ನ ಮಗಳು ನನ್ನ ಪಕ್ಕ ಬಂದು ಕೂತು, ಅದನ್ನು ಇನ್ನೊಂದು ಸಲ ನೋಡೋಣ, ನೋಡುವಾಗ ಅಣಬೆ ಸಾರು ಮಾಡುತ್ತೀಯಾ ಎಂದು ಕೇಳಿದಳು. ಯಾಕೆ ಎಂದು ಕೇಳಿದ್ದಕ್ಕೆ, ಐ ನೆವರ್ ಟೇಸ್ಟೆಡ್ ಇಟ್ ಅಂದಳು. ಅಜ್ಜಿ ಮಾಡಿದ್ದನ್ನು ತಾನು ಒಂದು ಸಲವೂ ನಿಜವಾಗಿ ತಿಂದಿರಲಿಲ್ಲ, ಅದಕ್ಕೆ.

ಗ್ರೋಸರಿಯಿಂದ ಡಬ್ಬದಲ್ಲಿ ಮುಚ್ಚಿದ ಬಿಳಿ ಅಣಬೆ ತಂದೆ. ಊರೆಲ್ಲ ದಿನಾ ತಿನ್ನುವ ಅಣಬೆ. ಆದರೂ ಒಂದೊಂದನ್ನೂ ಬುಡ, ಕತ್ತು, ತಲೆ ತಿರುಗಿಸಿ ತಿರುಗಿಸಿ ನೋಡಿ ಹೆಚ್ಚಿದೆ. ಕಾಯಿ ಹುರಿದೆ, ಕೊತ್ತಂಬರಿ ರುಬ್ಬಿದೆ. ಎರಡು ಬಟ್ಟಲಿಗೆ ಬಡಿಸಿ ತಂದು ಸೋಫಾದ ಮುಂದೆ ಇಟ್ಟೆ. ನಾನು ಚಮಚ ಎತ್ತಿದೆ.

ಮಗಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ನನ್ನ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, ಅದರಿಂದ ಒಂದು ಚಮಚ ಬಾಯಿಗಿಟ್ಟು, ಅಗಿದು, ನುಂಗಿದಳು. ನುಂಗಿದ್ದನ್ನು ನನಗೆ ಬಾಯಿ ತೆರೆದು ತೋರಿಸಿದಳು. ಅವಳ ಎರಡೂ ಕೈ ಖಾಲಿ ಇದ್ದವು, ಟಿಶ್ಯೂ ಇರಲಿಲ್ಲ.

"ಮೊದ್ಲು ನಾನು," ಅಂದಳು ಕನ್ನಡದಲ್ಲಿ. "ಸಿನಿಮಾ ಮುಗಿಯೋವರೆಗೂ ನೀನು ತಿನ್ನಬೇಡ."

ಹುಚ್ಚುಹುಡುಗಿ, ಇದು ಅಂಗಡಿಯದು ಎಂದು ಬೈಯಬೇಕಿತ್ತು. ಚಮಚ ಕೆಳಗಿಟ್ಟು ನನ್ನ ಬಟ್ಟಲನ್ನು ವಾಪಸು ತೆಗೆದುಕೊಂಡೆ. ಅವಳು ಟೀವಿ ಹಾಕಿದಳು. ಹಕ್ಕಿಗಳ ಸದ್ದು ನಿಂತಿತು, ಜಿಂಕೆಗಳು ಬಂದು ಬಾಗಿಲ ಮುಂದೆ ನಿಂತವು. ಅವಳು ತೆರೆ ನೋಡುತ್ತಿದ್ದಳು. ನಾನು ತಣ್ಣಗಾಗುತ್ತಿದ್ದ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಸಿನಿಮಾ ಮುಗಿಯುವ ತನಕ ಅವಳ ಮುಖವನ್ನೇ ನೋಡುತ್ತಾ ಕೂತಿದ್ದೆ.